ಉಳಿದ ಅನ್ನವೂ ಪರಿಮಾಣವ್ರತವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಡುಗೆಯ ಮನೆಗೆ ಅತ್ಯಂತ ಸಮೀಪವಾದುದು ಭೋಗೋಪಭೋಗ ಪರಿಮಾಣ ವ್ರತ. ಒಮ್ಮೆ ಅನುಭವಿಸಿದೊಡನೆ ತೀರಿಹೋಗುವ ಅನ್ನಪಾನಾದಿಗಳು ಭೋಗ. ಮರಳಿ ಮರಳಿ ಬಳಸಲ್ಪಡುವ ವಸ್ತ್ರ, ಪಾತ್ರೆ, ಹಾಸಿಗೆಗಳು ಉಪಭೋಗ. ಇವೆರಡಕ್ಕೂ ಮಿತಿಯನ್ನು ಗೊತ್ತುಪಡಿಸಿಕೊಳ್ಳುವುದೇ ಈ ವ್ರತದ ಸ್ವರೂಪ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಈ ಮಿತಿಯನ್ನು ಯಮ, ನಿಯಮ ಎಂದು ಎರಡಾಗಿ ವಿಂಗಡಿಸಿದ್ದಾರೆ. ಜೀವಾವಧಿ ಪಾಲಿಸುವುದು ಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಕಾಲವನ್ನು ನಿಶ್ಚಯಿಸಿಕೊಂಡು ಪಾಲಿಸುವುದು ನಿಯಮ. ಋತುವೂ ಒಂದು ಅಳತೆಯೆಂಬುದನ್ನು ಆಚಾರ್ಯರು ಅಂದೇ ಕಂಡಿದ್ದರೆಂಬುದು ಗಮನಾರ್ಹವಾಗಿದೆ.

ಇಂದು ಸರಳ ಜೀವನ, ಮಿತವ್ಯಯ, ಋತುಮಾನಕ್ಕೆ ತಕ್ಕ ಅಡುಗೆ, ಕಸ ಕಡಿಮೆ ಮಾಡುವುದು ಎಂಬ ಮಾತುಗಳು ಎಲ್ಲೆಡೆಯೂ ಕೇಳಿಬರುತ್ತವೆ. ಇವನ್ನು ಕೇಳಿದ ಜೈನ ಗೃಹಸ್ಥನು, ಇದರಲ್ಲಿ ಹೊಸತೇನಿದೆ, ಇದೆಲ್ಲವೂ ನಮ್ಮ ಶ್ರಾವಕಾಚಾರವೇ ಅಲ್ಲವೇ ಎಂದು ಸಮಾಧಾನಪಟ್ಟುಕೊಳ್ಳುವುದು ಸಹಜ. ಆದರೆ ಮಿತವ್ಯಯವೂ ಪರಿಮಾಣವ್ರತವೂ ಒಂದೆಯೇ? ಈ ಪ್ರಶ್ನೆಯನ್ನು ಶಾಸ್ತ್ರದ ಪುಟಗಳಲ್ಲಿ ಹುಡುಕುವುದಕ್ಕಿಂತ ಮೊದಲು ಒಂದು ಪಾತ್ರೆ ಉಳಿದ ಅನ್ನದ ಮುಂದೆ ನಿಂತು ಕೇಳಿಕೊಳ್ಳುವುದು ಲೇಸು.

ನಗರದಲ್ಲಿರುವ ಒಂದು ಶ್ರಾವಕ ಕುಟುಂಬವನ್ನು ಭಾವಿಸೋಣ. ಭಾನುವಾರ ನೆಂಟರು ಬರುವರೆಂದು ಅಡುಗೆ ಮಾಡಿದೆ, ನೆಂಟರು ಬರಲಿಲ್ಲ. ಮಧ್ಯಾಹ್ನ ಮೂರು ಗಂಟೆಯಾಗಿದೆ. ಒಲೆಯ ಪಕ್ಕದಲ್ಲಿ ಅರ್ಧ ಪಾತ್ರೆ ಅನ್ನ, ಒಂದು ಬೋಗುಣಿ ತೊವ್ವೆ ಉಳಿದಿವೆ. ಮಗನು, “ಫ್ರಿಜ್ಜಿನಲ್ಲಿಟ್ಟರೆ ನಾಳೆ ಬೆಳಿಗ್ಗೆ ಚಿತ್ರಾನ್ನವಾಗುತ್ತದೆ. ಅನ್ನವನ್ನು ಚೆಲ್ಲುವುದು ಪಾಪವಲ್ಲವೇ, ಅಮ್ಮ?” ಎನ್ನುತ್ತಾನೆ. ತಾಯಿಯು, “ರಾತ್ರಿ ಕಳೆದ ಅನ್ನವನ್ನು ಈ ಮನೆಯಲ್ಲಿ ಯಾರೂ ಉಂಡಿಲ್ಲ. ಕಾಲಮರ್ಯಾದೆ ಮೀರಿದ ಅನ್ನದಲ್ಲಿ ಜೀವೋತ್ಪತ್ತಿಯಾಗುತ್ತದೆ, ಅದನ್ನು ಉಣ್ಣುವುದು ಪಾಪವಲ್ಲವೇ?” ಎನ್ನುತ್ತಾಳೆ. ಸೊಸೆಯು ಪಾತ್ರೆಯನ್ನು ಹಿಡಿದು ಇಬ್ಬರ ನಡುವೆ ನಿಂತಿದ್ದಾಳೆ. ಇಟ್ಟರೆ ಅತ್ತೆಗೆ ಬೇಸರ, ಚೆಲ್ಲಿದರೆ ಗಂಡನಿಗೆ ಬೇಸರ.

ಇಲ್ಲಿ ಯಾರ ಮಾತು ಸರಿ? ತಾಯಿಯ ಮಾತಿಗೆ ಪರಂಪರೆಯ ಆಧಾರವಿದೆ. ನೀರಿನ ಅಂಶ ಹೆಚ್ಚಾಗಿರುವ ಅನ್ನ ತೊವ್ವೆಗಳಿಗೆ ಎರಡು ಪ್ರಹರ, ಎಂದರೆ 6 ಗಂಟೆಗಳ ಮರ್ಯಾದೆಯನ್ನು ಹಿರಿಯರು ಹೇಳುತ್ತಾ ಬಂದಿದ್ದಾರೆ. ಫ್ರಿಜ್ಜಿನ ಶೈತ್ಯವು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಪೂರ್ತಿ ನಿಲ್ಲಿಸುವುದಿಲ್ಲ. ಮೇಲಾಗಿ ಮರ್ಯಾದೆಯು ಕಾಲವನ್ನು ಎಣಿಸುತ್ತದೆ, ವಾಸನೆಯನ್ನಲ್ಲ. ಮಗನ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಚೆಲ್ಲಿದ ಅನ್ನವು ಕಸದ ಬುಟ್ಟಿಯಲ್ಲಿ ಕೊಳೆತಾಗ ಅಲ್ಲಿ ಹುಟ್ಟಿ ಸಾಯುವ ಜೀವಗಳಿಗೆ ಲೆಕ್ಕವಿಲ್ಲ. ಹಾಗಾದರೆ ಇಟ್ಟರೂ ದೋಷ, ಚೆಲ್ಲಿದರೂ ದೋಷ ಎಂಬ ಸ್ಥಿತಿ ಉಂಟಾಯಿತು. ಧರ್ಮವು ಗೃಹಸ್ಥನನ್ನು ಇಂಥ ಇಕ್ಕಟ್ಟಿಗೆ ಸಿಲುಕಿಸುತ್ತದೆಯೇ?

ಇಲ್ಲ. ಈ ಇಕ್ಕಟ್ಟು ಧರ್ಮದಿಂದ ಬಂದುದಲ್ಲ. ಅದು ಬೆಳಿಗ್ಗೆ ಅಕ್ಕಿಯನ್ನು ಅಳೆಯುವಾಗ ಕೈ ತಪ್ಪಿದ್ದರಿಂದ ಬಂದುದು. ತಾಯಿಯೂ ಮಗನೂ ಮಧ್ಯಾಹ್ನ ಮೂರಕ್ಕೆ ಚರ್ಚಿಸಿದ ಪ್ರಶ್ನೆ ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ತೀರ್ಮಾನವಾಗಿಹೋಗಿತ್ತು. ವ್ರತಕ್ಕೆ ‘ಪರಿಮಾಣ’ ಎಂಬ ಹೆಸರಿರುವುದು ಇದಕ್ಕಾಗಿಯೇ. ಪರಿಮಾಣವೆಂದರೆ ಅಳತೆ. ಅಳತೆಯು ಮಾಡುವುದಕ್ಕೆ ಮೊದಲು ಇರತಕ್ಕದ್ದು. ಮಾಡಿದ ಮೇಲೆ ಉಳಿಯುವುದು ಲೆಕ್ಕ ಮಾತ್ರ.

ಇದನ್ನು ಇನ್ನೂ ಸ್ವಲ್ಪ ಆಳವಾಗಿ ವಿಚಾರಿಸಬೇಕು. ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲ. ಹೊಲವನ್ನು ಉತ್ತಾಗ, ನೀರನ್ನು ಹಾಯಿಸಿದಾಗ, ಭತ್ತವನ್ನು ಕುಟ್ಟಿದಾಗ, ಒಲೆಯನ್ನು ಉರಿಸಿದಾಗ ಪೃಥ್ವೀ, ಜಲ, ಅಗ್ನಿ, ವಾಯು, ವನಸ್ಪತಿಕಾಯಿಕ ಜೀವಗಳಿಗೂ ಅನೇಕ ತ್ರಸಜೀವಗಳಿಗೂ ಬಾಧೆಯಾಗುತ್ತದೆ. ಇದು ಆರಂಭೀ ಹಿಂಸೆ. ಬದುಕು ನಡೆಯಬೇಕಾದುದರಿಂದ ಗೃಹಸ್ಥನಿಂದ ಇದನ್ನು ಬಿಡಲಾಗುವುದಿಲ್ಲ. ಆದ್ದರಿಂದಲೇ ಅವನ ವ್ರತವು ಅಣುವ್ರತ. ಆದರೆ ಈ ರಿಯಾಯಿತಿಯು ಪ್ರಯೋಜನವಿದ್ದಲ್ಲಿ ಮಾತ್ರ ಸಲ್ಲುತ್ತದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡವನ್ನು ತರಿಯುವುದು ಇವು ಅನರ್ಥದಂಡದಲ್ಲಿ ಪ್ರಮಾದಚರ್ಯೆಯೆನಿಸಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅನರ್ಥದಂಡ ವಿರತಿಯ ಐದು ಅತಿಚಾರಗಳನ್ನು ಎಣಿಸುವಾಗ, ಅಗತ್ಯಕ್ಕಿಂತ ಹೆಚ್ಚಾಗಿ ಭೋಗೋಪಭೋಗ ವಸ್ತುಗಳನ್ನು ಕೂಡಿಹಾಕುವುದನ್ನೂ ಅವುಗಳಲ್ಲಿ ಒಂದಾಗಿ ಸೇರಿಸಿದ್ದಾರೆ.

ಉಂಡ ಅನ್ನದ ಹಿಂದೆಯೂ ಹಿಂಸೆಯಿದೆ, ಚೆಲ್ಲಿದ ಅನ್ನದ ಹಿಂದೆಯೂ ಅಷ್ಟೇ ಹಿಂಸೆಯಿದೆ. ಮೊದಲನೆಯದಕ್ಕೆ ಹಸಿವೆಂಬ ಕಾರಣವಿದೆ, ಎರಡನೆಯದಕ್ಕೆ ಯಾವ ಕಾರಣವೂ ಇಲ್ಲ. ಹೊಲದಿಂದ ಒಲೆಯವರೆಗೆ ‘ಅರ್ಥ’ವಿದ್ದ ಹಿಂಸೆಯೆಲ್ಲವೂ ಅನ್ನವು ಕಸವಾದ ಕ್ಷಣದಲ್ಲಿ ‘ಅನರ್ಥ’ವಾಗಿಬಿಡುತ್ತದೆ. ವ್ಯರ್ಥವೆಂದರೆ ಕೇವಲ ಹಣದ ನಷ್ಟವಲ್ಲ. ಗೃಹಸ್ಥನಿಗಿದ್ದ ಏಕಮಾತ್ರ ಸಮಾಧಾನವೂ ಅದರಿಂದ ನಷ್ಟವಾಗುತ್ತದೆ. ಈ ನಷ್ಟ ಜಗತ್ತಿನ ಪ್ರಮಾಣದಲ್ಲಿ ಎಷ್ಟೆಂಬುದಕ್ಕೆ ಒಂದು ಲೆಕ್ಕವೂ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಅಂಗಡಿ, ಉಪಾಹಾರಗೃಹ ಹಾಗೂ ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್ನು. ಅದರಲ್ಲಿ ಸುಮಾರು 63 ಕೋಟಿ ಟನ್ನು ಮನೆಗಳಿಂದಲೇ ಬಂದುದು. ಹೋಟೆಲುಗಳನ್ನು ದೂರಿ ಸುಮ್ಮನಿರುವಂತಿಲ್ಲ; ದೊಡ್ಡ ಪಾಲು ಮನೆಯ ಒಲೆಯದೇ ಆಗಿದೆ.

ಇನ್ನು ಮಿತವ್ಯಯಕ್ಕೂ ವ್ರತಕ್ಕೂ ಇರುವ ಅಂತರವನ್ನು ನೋಡಬಹುದು. ಬಹಳ ಸಲ ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಹೀರೇಕಾಯಿಯ ಸಿಪ್ಪೆಯನ್ನು ಬಿಸಾಡದೆ ಚಟ್ನಿ ಅರೆಯುವುದು, ಹಲಸಿನ ಹಣ್ಣು ತಿಂದ ಮೇಲೆ ಬೀಜವನ್ನು ಸಾರಿಗೆ ಬಳಸುವುದು, ಅಕ್ಕಿ ತೊಳೆದ ಕಲಗಚ್ಚನ್ನು ಹಸುವಿಗೆ ಇಡುವುದು, ಹಳೆಯ ಸೀರೆಯನ್ನು ಕೌದಿಯಾಗಿ ಹೊಲಿಯುವುದು ಇವೆಲ್ಲ ಅಜ್ಜಿಯರ ಕಾಲದಿಂದ ಬಂದ ನಡತೆಗಳು. ಚಳಿಗಾಲದಲ್ಲಿ ಅವರೆ, ಬೇಸಿಗೆಯಲ್ಲಿ ಮಾವು, ಹೀಗೆ ಋತುವು ಕೊಟ್ಟುದನ್ನು ಆಯಾ ಋತುವಿನಲ್ಲಿ ಬಳಸಿದರೆ ದೂರದಿಂದ ತರಿಸುವ ವೆಚ್ಚವಿಲ್ಲ, ಬಹುಕಾಲ ಕಾಪಿಡುವ ಆರಂಭವೂ ಇಲ್ಲ. ಮಳೆಗಾಲದಲ್ಲಿ ಸೊಪ್ಪಿನಲ್ಲಿ ಹುಳುಗಳು ಹೆಚ್ಚುವುದರಿಂದ ಚಾತುರ್ಮಾಸದಲ್ಲಿ ಅದನ್ನು ಬಿಡುವ ರೂಢಿ ಅನೇಕ ಮನೆಗಳಲ್ಲಿದೆ. ತಂದರೆ ಬೇಗ ಕೊಳೆಯುವ ಪದಾರ್ಥವೂ ಅದೇ.

ಆದರೆ ಕೆಲವೆಡೆ ದಾರಿಗಳು ಅಗಲುತ್ತವೆ. ಹಿಟ್ಟನ್ನು ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನಕ್ಕಿಂತ ಹೆಚ್ಚು ಇಡಬಾರದೆಂಬುದು ನಮ್ಮ ಪರಂಪರೆಯ ಮರ್ಯಾದೆ. ತಿಂಗಳಿಗಾಗುವ ಹಿಟ್ಟನ್ನು ಒಮ್ಮೆಗೇ ಕೊಂಡರೆ ಅಗ್ಗ. ಮಿತವ್ಯಯಿಯು ಹಾಗೆಯೇ ಮಾಡುವನು. ವ್ರತಿಯು ಸ್ವಲ್ಪ ಸ್ವಲ್ಪವಾಗಿ ಬೀಸಿಸುವನು. ಅದಕ್ಕೆ ಶ್ರಮವೂ ಹೆಚ್ಚು, ಕೆಲವೊಮ್ಮೆ ಹಣವೂ ಹೆಚ್ಚು. ಬೆಲೆ ಇಳಿದಾಗ ವರ್ಷದ ಧಾನ್ಯವನ್ನು ತುಂಬಿಸಿಟ್ಟು, ಹುಳು ಬಿದ್ದ ಮೇಲೆ ಬಿಸಿಲಿಗೆ ಹರವಿ ಆ ಹುಳುಗಳನ್ನು ಸಾಯಿಸುವುದು ಹಣದ ದೃಷ್ಟಿಯಿಂದ ಜಾಣತನ, ದಯೆಯ ದೃಷ್ಟಿಯಿಂದ ಅಲ್ಲ. ಮಿತವ್ಯಯದ ಕಣ್ಣು ಚೀಲದ ಮೇಲಿರುತ್ತದೆ, ವ್ರತದ ಕಣ್ಣು ಜೀವದ ಮೇಲೂ ತನ್ನ ಆಸೆಯ ಮೇಲೂ ಇರುತ್ತದೆ.

ಉಳಿಸಿದ ಹಣ ಎಲ್ಲಿಗೆ ಹೋಯಿತೆಂಬುದು ಎರಡನೆಯ ಪರೀಕ್ಷೆ. ಅಡುಗೆಮನೆಯಲ್ಲಿ ಉಳಿಸಿದ ಹಣ ಬೀರುವಿನಲ್ಲಿ ಹತ್ತು ಹೊಸ ಸೀರೆಗಳಾದರೆ ಅಥವಾ ಕೂಡಿಡುವ ಆಸೆಯನ್ನೇ ಇಮ್ಮಡಿಸಿದರೆ ಪರಿಗ್ರಹವು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸ್ಥಳ ಬದಲಾಯಿಸಿತೇ ವಿನಾ ಕಡಿಮೆಯಾಗಲಿಲ್ಲ. ವಸ್ತುವಲ್ಲ, ಮೂರ್ಛೆಯೇ ಪರಿಗ್ರಹವೆಂದು ಶಾಸ್ತ್ರವು ಹೇಳಿದೆ. ಇದಕ್ಕೆ ಕನ್ನಡನಾಡಿನಲ್ಲಿಯೇ ಉಜ್ಜ್ವಲವಾದ ನಿದರ್ಶನವುಂಟು. ದಾನಚಿಂತಾಮಣಿ ಅತ್ತಿಮಬ್ಬೆಯು ಪತಿವಿಯೋಗದ ನಂತರ ವ್ರತೋಪವಾಸಗಳಿಂದ ತನ್ನ ಭೋಗವನ್ನು ಅತ್ಯಲ್ಪಗೊಳಿಸಿಕೊಂಡಳು. ಅದೇ ಕೈ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿತು, 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿತು. ತನಗೆ ಬಿಗಿ, ಪರರಿಗೆ ತೆರೆದ ಕೈ ಎಂಬುದು ವ್ರತದ ಲಕ್ಷಣ. ತನಗೂ ಪರರಿಗೂ ಬಿಗಿಯಾದರೆ ಅದು ಲೋಭ.

ಮೂರನೆಯ ಪರೀಕ್ಷೆಯನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಮನೆಯ ಮಿತವ್ಯಯದ ಭಾರವನ್ನು ಹೊರುವವರು ಯಾರು? ಎಷ್ಟೋ ಮನೆಗಳಲ್ಲಿ ಎಲ್ಲರ ಊಟ ಮುಗಿದ ಮೇಲೆ ಉಳಿದುದನ್ನು, ಹಸಿವಿರಲಿ ಇಲ್ಲದಿರಲಿ, ಉಂಡು ಮುಗಿಸುವವಳು ಗೃಹಿಣಿ. ಕಡಿಮೆಯಾದ ದಿನ ಅರೆಹೊಟ್ಟೆಯೂ ಅವಳದೇ. ಇದನ್ನು ತ್ಯಾಗವೆಂದು ಹೊಗಳುವುದು ಸುಲಭ. ಆದರೆ ಆರು ಬಾಹ್ಯತಪಗಳಲ್ಲಿ ಎರಡನೆಯದಾದ ಅವಮೌದರ್ಯವು, ಎಂದರೆ ಹೊಟ್ಟೆಗೆ ಹಿಡಿಯುವುದಕ್ಕಿಂತ ಕಡಿಮೆ ಉಣ್ಣುವುದು, ಸ್ವಂತ ಇಚ್ಛೆಯಿಂದ ಆಚರಿಸತಕ್ಕದ್ದು. ಇತರರ ಅಜಾಗರೂಕತೆಯಿಂದ ಒದಗಿದ ಅರೆಹೊಟ್ಟೆ ತಪಸ್ಸಾಗದು. ಹಾಳಾಗದಿರಲೆಂದು ಹಸಿವಿಲ್ಲದೆ ಉಂಡ ಅನ್ನವೂ ಸಾರ್ಥಕವಾಗದು. ಅದು ವ್ಯರ್ಥವಾದ ಸ್ಥಳ ಮಾತ್ರ ಬೇರೆ. ಆದುದರಿಂದ ಪರಿಮಾಣವು ಗೃಹಿಣಿಯೊಬ್ಬಳ ವ್ರತವಾಗಬಾರದು. ಉಣ್ಣುವವರೆಲ್ಲರೂ ಬೆಳಿಗ್ಗೆಯೇ ತಮ್ಮ ಅಗತ್ಯವನ್ನು ತಿಳಿಸತಕ್ಕದ್ದು. ಹೊರಗೆ ಊಟವಿದ್ದರೆ ಅದನ್ನೂ ತಿಳಿಸತಕ್ಕದ್ದು. ಹೇಳದೆ ಊಟ ತಪ್ಪಿಸುವ ಗಂಡಸಿಗೂ ಅನರ್ಥದಂಡದ ಪಾಲು ತಪ್ಪದು.

ಅಳೆದು ಮಾಡಿದರೆ ಅತಿಥಿಗೆ ಏನು ಉಳಿಯುವುದೆಂಬ ಆಕ್ಷೇಪವುಂಟು. ಅತಿಥಿಸಂವಿಭಾಗವೂ ಶ್ರಾವಕನ ವ್ರತವೇ. ಹಿರಿಯರು ಅಳತೆಯ ಮೇಲೆ ಒಂದು ಹಿಡಿ ಅಕ್ಕಿಯನ್ನು ಹೆಚ್ಚು ಹಾಕುತ್ತಿದ್ದುದುಂಟು. ಆ ಹಿಡಿಗೆ ಒಡೆಯನಿದ್ದಾನೆ: ಅತಿಥಿ. ಅವನು ಬಾರದಿದ್ದರೆ ಹಸಿದ ಇನ್ನೊಬ್ಬನಿದ್ದಾನೆ. ಆದರೆ ಕೊಡುವುದು ಅನ್ನವು ಮರ್ಯಾದೆಯೊಳಗಿರುವಾಗಲೇ ಆಗಬೇಕು. ಮಧ್ಯಾಹ್ನ ಒಂದಕ್ಕೆ ನೆರೆಮನೆಗೆ ಕೊಟ್ಟರೆ ಅದು ಸಂವಿಭಾಗ. ಮರುದಿನ ಹಳಸಿದ ಮೇಲೆ ಕೆಲಸದವಳ ಕೈಗೆ ಇಟ್ಟರೆ ಅದು ದಾನವಲ್ಲ, ಕಸವನ್ನು ಬಡವರ ಮನೆಗೆ ಸಾಗಿಸುವ ಉಪಾಯ. ತಾನು ಉಣ್ಣಲೊಲ್ಲದುದನ್ನು ಪರರಿಗೆ ಕೊಡಬಾರದೆಂಬುದನ್ನು ಮಕ್ಕಳೂ ಬಲ್ಲರು.

ನೋಂಪಿಗಳನ್ನು ಆಚರಿಸುವ ಕುಟುಂಬಗಳು ಇನ್ನೊಂದು ಮಾತನ್ನು ಆಲೋಚಿಸಬೇಕು. ದಶಲಕ್ಷಣ ಪರ್ವದಲ್ಲಿ ಏಕಾಶನ, ಉಪವಾಸಗಳನ್ನು ನಿಷ್ಠೆಯಿಂದ ನಡೆಸಿ, ಉದ್ಯಾಪನೆಯ ದಿನ ಹದಿನೈದು ಬಗೆಯ ಭಕ್ಷ್ಯಗಳನ್ನು ಬಡಿಸಿ, ಅರ್ಧ ಉಂಡ ಎಲೆಗಳನ್ನು ಗುಂಡಿಗೆ ಎಸೆದರೆ ಹತ್ತು ದಿನಗಳ ಸಂಯಮಕ್ಕೆ ಒಂದೇ ಮಧ್ಯಾಹ್ನದ ಪ್ರಮಾದವು ಉತ್ತರ ಕೊಟ್ಟಂತಾಗುತ್ತದೆ. ನಾಲ್ಕು ಪದಾರ್ಥ, ಕೇಳಿ ಬಡಿಸುವ ಕೈ, ತೊಳೆದು ಮತ್ತೆ ಬಳಸುವ ತಟ್ಟೆ ಲೋಟಗಳು ಇಷ್ಟರಿಂದ ಉದ್ಯಾಪನೆಯ ಗೌರವಕ್ಕೆ ಕುಂದಿಲ್ಲ.

ಎಷ್ಟು ಎಚ್ಚರವಹಿಸಿದರೂ ಸಿಪ್ಪೆ, ತೊಟ್ಟು, ಕಾಳಿನ ಹೊಟ್ಟು ಉಳಿದೇ ಉಳಿಯುತ್ತವೆ. ಹಸುವಿದ್ದಲ್ಲಿ ಅಂದಂದೇ ಅದರ ಮುಂದಿಡುವುದು ಉತ್ತಮ. ಹಸುವಿಲ್ಲದ ನಗರದಲ್ಲಿ ಗೊಬ್ಬರದ ಕುಂಡಿಯಲ್ಲಿಯೂ ಜೀವಬಾಧೆಯಿದೆ, ನಗರಸಭೆಯ ಗಾಡಿಗೆ ಹಾಕಿದರೂ ಇದೆ. ಪೂರ್ಣ ನಿರ್ದೋಷವಾದ ಮಾರ್ಗವಿಲ್ಲದಲ್ಲಿ ಅಲ್ಪದೋಷದ ಮಾರ್ಗವನ್ನು ಹಿಡಿಯುವುದೇ ಅಣುವ್ರತಿಯ ವಿವೇಕ. ಇಲ್ಲಿ ನೀರು ಸೋಸುವ ಆಚಾರವು ದಾರಿದೀಪವಾಗಬಲ್ಲದು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದೊಡನೆ ಶ್ರಾವಕನ ಕೆಲಸ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದುದನ್ನು ಸೋಸಿದ ನೀರಿನಿಂದಲೇ ತೊಳೆದು, ಮೆಲ್ಲಗೆ ಅದೇ ಬಾವಿಗೆ ಮರಳಿಸಬೇಕು. ತನಗೆ ಬೇಕಾದುದು ಕೊಡಕ್ಕೆ ಬಂದ ಮೇಲೆಯೂ ಬೇಡವಾಗಿ ಉಳಿದುದರ ಹೊಣೆ ತನ್ನದೇ ಎಂಬುದನ್ನು ಈ ಒಂದು ಆಚಾರವು ಕಲಿಸುತ್ತದೆ.

ಆ ಭಾನುವಾರದ ಮನೆಗೆ ಮರಳೋಣ. ಮೂರು ಗಂಟೆಗೆ ಮರ್ಯಾದೆಯಿನ್ನೂ ಮುಗಿದಿಲ್ಲವಾದರೆ ಮಗನೇ ಪಾತ್ರೆಯನ್ನೆತ್ತಿಕೊಂಡು, ಹತ್ತಿರದಲ್ಲಿ ಉಣ್ಣುವವರನ್ನು ಹುಡುಕಿ ಹೋಗಲಿ. ಮರುದಿನ ಬೆಳಿಗ್ಗೆ ಸೊಸೆಯು ಅಕ್ಕಿಯ ಡಬ್ಬಿಯನ್ನು ತೆರೆಯುವ ಮುನ್ನ ಮನೆಯವರೆಲ್ಲರೂ ತಮ್ಮ ತಮ್ಮ ಅಗತ್ಯವನ್ನು ಹೇಳಲಿ; ಅತ್ತೆಯೇ ಪಾವನ್ನು ಹಿಡಿದು ಅಳೆದುಕೊಡಲಿ. ಇದನ್ನು ಜೀವಾವಧಿಯ ಯಮವಾಗಿ ಸ್ವೀಕರಿಸಲು ಅಂಜುವವರು ಬರುವ ಒಂದು ಋತುವಿನ ನಿಯಮವಾಗಿ ಸ್ವೀಕರಿಸಬಹುದು. ಋತು ಮುಗಿದಾಗ ಕೈಗೆ ಅಳತೆ ಅಭ್ಯಾಸವಾಗಿರುತ್ತದೆ. ಆಗ ಆ ಮನೆಯಲ್ಲಿ, ಪಾತ್ರೆಯನ್ನು ಹಿಡಿದು ಇಬ್ಬರ ನಡುವೆ ನಿಲ್ಲಬೇಕಾದ ಸಂದರ್ಭವೇ ಬಾರದು.