ಇಂದಿನ ಧಮ್ಮ ಚಿಂತನೆ: ಬೀದಿಗೆ ಬಿದ್ದ ಮುಧೋಳ ನಾಯಿ



ಬೇಟೆಗೆ, ಶೋಕಿಗೆ ಸಾಕಿದ ಮುಧೋಳ ನಾಯಿಯನ್ನು ಕಾಲು ಮುರಿದರೆ, ವಯಸ್ಸಾದರೆ ಬೀದಿಗೆ ಬಿಡುವವರಿದ್ದಾರೆ. ಅದನ್ನು ಮನೆಗೆ ತನ್ನಿ ಎಂದರೆ ನಮ್ಮಲ್ಲಿ ಕೆಲವರಿಗೆ ಮಹಾಡ ನೆನಪಾಗುತ್ತದೆ. ಅಲ್ಲಿನ ಚೌದಾರ್ ಕೆರೆಯ ನೀರನ್ನು ನಾಯಿ ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಆ ನೀರು ಕುಡಿದು ನಮ್ಮ ಹಕ್ಕು ಸಾರಿದರು.

ಆ ನೋವು ನಿಜ. ಆದರೆ ನಮ್ಮನ್ನು ತಡೆದದ್ದು ಮನುಷ್ಯರು, ನಾಯಿಯ ತಪ್ಪೇನು?

ಎಲ್ಲ ಜೀವಿಗಳಿಗೂ ದಯೆ ತೋರಿ ಕಾಪಾಡುವುದು ನಮ್ಮ 22 ಪ್ರತಿಜ್ಞೆಗಳಲ್ಲೊಂದು. ಗಾಯ ಮಾಯುವವರೆಗೆ ಸಾಕುವುದು ಕರುಣೆ. ಪ್ರೀತಿಯಿಂದ ಸಾಕಿದ್ದನ್ನು ಅಂಟಿಕೊಳ್ಳದೆ ಒಳ್ಳೆಯ ಮನೆಗೆ ಒಪ್ಪಿಸುವುದು ದಾನ. ಎರಡೂ ಧಮ್ಮದ ಅಭ್ಯಾಸವೇ.

ನೀರಿಲ್ಲದ ನೋವು ಬಲ್ಲವರು ನಾವು. ಇಂದು ಬಾಗಿಲಲ್ಲಿ ಒಂದು ಬೋಗುಣಿ ನೀರಿಡೋಣ.

ಜೈ ಭೀಮ್ 💙