ಕಟ್ಟಿದವರು, ಕಟ್ಟಿಸಿದವರು

‘ಕಟ್ಟು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿದರೆ ‘ಕಟ್ಟಿಸು’ ಎಂದಾಗುತ್ತದೆ. ತಾನೇ ಮಾಡುವುದು ಒಂದು, ಇನ್ನೊಬ್ಬರಿಂದ ಮಾಡಿಸುವುದು ಮತ್ತೊಂದು. ಈ ಭೇದವನ್ನು ನಮ್ಮ ಭಾಷೆ ಎರಡೇ ಅಕ್ಷರಗಳಲ್ಲಿ ತೋರಿಸಿಕೊಡುತ್ತದೆ. ಕೆರೆ, ದೇಗುಲಗಳನ್ನು ಕುರಿತ ಅನೇಕ ಹಳೆಯ ಶಾಸನಗಳು ‘ಕಟ್ಟಿಸಿದ’, ‘ಮಾಡಿಸಿದ’ ಎಂದೇ ಹೇಳುತ್ತವೆ. ಆದರೆ ತರಗತಿಯಲ್ಲಿ ವ್ಯಾಕರಣದ ಪುಸ್ತಕವನ್ನು ಮುಚ್ಚಿ ಚರಿತ್ರೆಯ ಪುಸ್ತಕವನ್ನು ತೆರೆದೊಡನೆ ಈ ಭೇದ ಮರೆತುಹೋಗುತ್ತದೆ. ‘ಅರಸನು ಕೋಟೆಯನ್ನು ಕಟ್ಟಿದನು’ ಎಂದು ಮಕ್ಕಳು ಬರೆಯುತ್ತಾರೆ. ಆ ವಾಕ್ಯಕ್ಕೆ ಪೂರ್ಣಾಂಕವೂ ದೊರೆಯುತ್ತದೆ.

ಇದು ಕೇವಲ ವ್ಯಾಕರಣದ ಮಾತೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಇದರ ಹಿಂದೆ ಒಂದು ಧರ್ಮಸೂಕ್ಷ್ಮವಿದೆ. ಹೆಸರನ್ನು ಬಯಸದೆ ದುಡಿಯುವುದು ಶ್ರೇಷ್ಠವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಶಾಲೆಯಲ್ಲಿ ನಾವೂ ಅದನ್ನೇ ಬೋಧಿಸುತ್ತೇವೆ. ಹಾಗಿದ್ದ ಪಕ್ಷದಲ್ಲಿ ದುಡಿದವರ ಹೆಸರನ್ನು ಲೋಕವು ಮರೆತರೆ ಅದರಲ್ಲಿ ದೋಷವೇನು? ಮಾಡಿದವನಿಗೇ ಬೇಡವಾದುದನ್ನು ನಾವೇಕೆ ಕೊಡಬೇಕು? ಈ ಪ್ರಶ್ನೆಯನ್ನು ದೂರದೇಶದ ಒಂದು ಕಲ್ಲುಗೋಡೆಯ ಮುಂದೆ ನಿಲ್ಲಿಸಿ ವಿಚಾರಿಸಿ ನೋಡೋಣ.

ಆಫ್ರಿಕಾ ಖಂಡದ ದಕ್ಷಿಣದಲ್ಲಿ, ಜಾಂಬೆಸಿ ಮತ್ತು ಲಿಂಪೊಪೊ ನದಿಗಳ ನಡುವಣ ಪ್ರಸ್ಥಭೂಮಿಯಲ್ಲಿ, ಗ್ರೇಟ್ ಜಿಂಬಾಬ್ವೆ ಎಂಬ ಹಾಳುಪಟ್ಟಣವಿದೆ. ಆ ನಾಡಿನ ಶೋನ ಭಾಷೆಯಲ್ಲಿ ಈ ಹೆಸರಿಗೆ ಕಲ್ಲಿನ ಮನೆಗಳು ಎಂಬ ಅರ್ಥವನ್ನು ಹೇಳುತ್ತಾರೆ. 11ನೆಯ ಶತಮಾನದಿಂದ 15ನೆಯ ಶತಮಾನದವರೆಗೆ ಶೋನ ಜನರ ಪೂರ್ವಿಕರು ಇದನ್ನು ಕಟ್ಟಿದರು. ಇಲ್ಲಿಯ ಮಹಾ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರು. ಎತ್ತರ ಕೆಲವೆಡೆ ಸುಮಾರು 11 ಮೀಟರು. ಇಷ್ಟು ದೊಡ್ಡ ಗೋಡೆಗೆ ಒಂದು ಹಿಡಿ ಗಾರೆಯನ್ನೂ ಬಳಸಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ನಿಂತಿದೆ.

ಅಲ್ಲಿಯ ಕಲ್ಲು ನಮಗೆ ಅಪರಿಚಿತವಲ್ಲ. ರಾಯದುರ್ಗ, ಮಡಕಶಿರ ಸೀಮೆಯ ಬೆಟ್ಟಗಳಲ್ಲಿರುವಂತಹ ಬೆಣಚುಕಲ್ಲೇ ಅದು. ಹಗಲಿನ ಬಿಸಿಲಿಗೆ ಕಾದು ರಾತ್ರಿಯ ತಂಪಿಗೆ ಕುಗ್ಗುವುದರಿಂದ ಅಂತಹ ಬಂಡೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡುತ್ತದೆ. ಬಂಡೆಯ ಮೇಲೆ ಬೆಂಕಿಯಿಟ್ಟು ನೀರು ಸುರಿದರೆ ಪದರ ಬೇಗ ಏಳುತ್ತದೆ. ಎದ್ದ ಪದರದ ದಪ್ಪ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ ಅದನ್ನು ಒಡೆದಾಗ ಇಟ್ಟಿಗೆಯಂತಹ ತುಂಡುಗಳು ಸಿಗುತ್ತವೆ. ಪ್ರಕೃತಿಯ ಈ ಗುಣವನ್ನು ಕಂಡುಕೊಂಡ ಜನರೇ ಅದನ್ನು ಕಲೆಯನ್ನಾಗಿ ಬೆಳೆಸಿದರು.

ಗಾರೆಯಿಲ್ಲದೆ ಗೋಡೆ ಕಟ್ಟುವುದು ಕಲ್ಲುಗಳನ್ನು ರಾಶಿ ಹಾಕಿದಂತಲ್ಲ. ಬುಡದಲ್ಲಿ ಅಗಲವಾಗಿ ತೊಡಗಿ, ಮೇಲೇರಿದಂತೆ ಎರಡು ಮುಖಗಳನ್ನೂ ಒಳಕ್ಕೆ ಸ್ವಲ್ಪ ವಾಲಿಸುತ್ತ ಹೋಗಬೇಕು. ಒಂದು ವರಸೆಯ ಸಂದಿನ ಮೇಲೆ ಮುಂದಿನ ವರಸೆಯ ಸಂದು ಬರಬಾರದು. ಬಂದರೆ ಅಲ್ಲಿಂದಲೇ ಗೋಡೆ ಸೀಳುತ್ತದೆ. ಉದ್ದವಾದ ಕಲ್ಲು ಸಿಕ್ಕಾಗ ಅದರ ಗಿಡ್ಡ ಮುಖವನ್ನು ಹೊರಗೆ ಮಾಡಿ ಉದ್ದವನ್ನು ಗೋಡೆಯ ಒಳಕ್ಕೆ ಚಾಚಬೇಕು. ಉದ್ದವನ್ನೇ ಹೊರಗೆ ತೋರಿಸಿ ಇಟ್ಟರೆ ಒಂದು ಕಲ್ಲಿಗೆ ಎರಡು ಕಲ್ಲಿನ ಜಾಗ ತುಂಬಿ ಕೆಲಸ ಬೇಗ ಮುಗಿದಂತೆ ಕಾಣುತ್ತದೆ. ಆದರೆ ಆ ಕಲ್ಲಿಗೆ ಹಿಡಿತವಿರುವುದಿಲ್ಲ. ಎರಡು ಮುಖಗಳ ನಡುವಣ ಪೊಳ್ಳನ್ನು ಸಣ್ಣ ಕಲ್ಲು, ಚಕ್ಕೆಗಳಿಂದ ಗಟ್ಟಿಯಾಗಿ ತುಂಬಬೇಕು. ಆ ಒಳತುಂಬನ್ನು ಗೋಡೆ ಮುಗಿದ ಮೇಲೆ ಯಾರೂ ನೋಡಲಾರರು. ಅಲ್ಲಿ ಮಣ್ಣು ಸುರಿದು ಮುಚ್ಚಿದರೂ ಹೊರಗಿನ ಅಂದ ಅಂದಿಗೆ ಕೆಡದು. ಹತ್ತಾರು ಮಳೆಗಾಲಗಳು ಕಳೆದು ಮಣ್ಣು ತೊಳೆದುಹೋದಾಗ ಗೋಡೆ ಹೊಟ್ಟೆಬಿಟ್ಟು ಉರುಳುತ್ತದೆ. ಸರಿಯಾಗಿ ತುಂಬಿದ ಗೋಡೆಯಲ್ಲಿಯಾದರೋ ಮಳೆಯ ನೀರು ಸಂದುಗಳಿಂದ ಹರಿದುಹೋಗುತ್ತದೆ, ಕಲ್ಲುಗಳು ಒಂದಿಷ್ಟು ಕುಸಿದು ಮತ್ತೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಬಳಸುಗೋಡೆಯ ಕೆಲಸ ಇನ್ನೂ ಕಠಿನ. ಗೋಡೆ ಹೊರಕ್ಕೆ ಬಾಗಿದಾಗ ಹೊರಮುಖ ಉದ್ದವಾಗಿಯೂ ಒಳಮುಖ ಚಿಕ್ಕದಾಗಿಯೂ ಇರುವುದರಿಂದ ಕಲ್ಲುಗಳನ್ನು ಹಿಂದಕ್ಕೆ ಕಿರಿದಾಗುವಂತೆ ಆರಿಸಬೇಕು ಅಥವಾ ಒಡೆಯಬೇಕು. ಗ್ರೇಟ್ ಜಿಂಬಾಬ್ವೆಯ ಗೋಡೆಗಳಲ್ಲಿ ಚೌಕದ ಮೂಲೆಗಳಿಲ್ಲ. ಬಂಡೆಗಳನ್ನು ಬಳಸಿ, ನೆಲದ ಏರಿಳಿತವನ್ನು ಅನುಸರಿಸಿ ಅವು ಹರಿಯುತ್ತವೆ. ಬಾಗಿಲುಗಳಲ್ಲಿ ಬಾಗಿದ ಮೆಟ್ಟಿಲುಗಳಿವೆ. ಅವು ಆಮೇಲೆ ತಂದು ಅಂಟಿಸಿದವುಗಳಲ್ಲ. ಗೋಡೆಯ ಕೆಳವರಸೆಗಳೇ ಒಳಕ್ಕೆ ತಿರುಗಿ ಮೆಟ್ಟಿಲುಗಳಾದಂತೆ ಅವುಗಳ ಕಟ್ಟಣೆಯಿದೆ.

ಯಾವ ದೇಶದಲ್ಲಾದರೂ ಕಲ್ಲಿನ ಮೆಟ್ಟಿಲನ್ನು ಕೆಳಗಿನಿಂದಲೇ ಕಟ್ಟಬೇಕು. ಮೇಲಿನ ಮೆಟ್ಟಿಲಿನ ಮುಂದಂಚು ಕೆಳಗಿನದರ ಹಿಂದಂಚಿನ ಮೇಲೆ ಕೂರುತ್ತದೆ. ಆದುದರಿಂದ ಎಲ್ಲಕ್ಕಿಂತ ಕೆಳಗಿನ ಕಲ್ಲು ಅಲುಗಿದರೆ ಎಲ್ಲವೂ ಅಲುಗುತ್ತದೆ. ಬಾಗಿದ ಮೆಟ್ಟಿಲು ಒಳಬದಿಯಲ್ಲಿ ಕಿರಿದಾಗಿ ಹೊರಬದಿಯಲ್ಲಿ ಅಗಲವಾಗಿರುತ್ತದೆ. ಎತ್ತರ ಮಾತ್ರ ಎಲ್ಲೆಡೆಯೂ ಒಂದೇ ಇರಬೇಕು. ಅರ್ಧ ಅಂಗುಲದ ಹೆಚ್ಚುಕಡಿಮೆಯನ್ನು ಕಣ್ಣು ಗುರುತಿಸದೆ ಇದ್ದೀತು, ಕಾಲು ಗುರುತಿಸುತ್ತದೆ. ಕತ್ತಲೆಯಲ್ಲಿ ಇಳಿಯುವ ಮುದುಕನೊಬ್ಬನು ಎಡವದಿದ್ದರೆ ಅದಕ್ಕೆ ಕಾರಣ ಎಂದೋ ಒಬ್ಬನು ಅಳತೆ ತಪ್ಪದೆ ಕಲ್ಲಿಟ್ಟಿದ್ದುದು. ಎಡವದಿದ್ದವನಿಗೆ ಅದು ತಿಳಿಯುವುದೂ ಇಲ್ಲ.

ಇಂತಹ ಕೆಲಸ ಮಾಡಿದವರು ತಮ್ಮ ಹೆಸರನ್ನು ಕಲ್ಲಿನಲ್ಲಿ ಬರೆಯಲಿಲ್ಲ. ಮುಂದೆ ನಡೆದುದನ್ನು ನೋಡಿರಿ. 1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಭೂಶಾಸ್ತ್ರಜ್ಞನು ಅಲ್ಲಿಗೆ ಹೋದನು. ಬಾಗಿಲಿನ ಮೇಲ್ದೊಲೆಯ ಒಂದು ಚೂರು ತನ್ನ ಸೀಸದಕಡ್ಡಿಯ ಮರದಂತೆ ಕಂಡುದರಿಂದ ಅದು ಲೆಬನಾನಿನ ದೇವದಾರುವೆಂದೂ, ಈ ಕಟ್ಟಡ ಬೈಬಲಿನ ಶೆಬಾ ರಾಣಿಗೆ ಸಂಬಂಧಿಸಿದುದೆಂದೂ ಊಹಿಸಿದನು. ಅನಂತರ ಆ ನಾಡನ್ನು ಆಕ್ರಮಿಸಿದ ಬಿಳಿಯರಿಗೆ ಈ ಕಥೆ ಬಲು ಹಿತವಾಯಿತು. 1891ರಲ್ಲಿ ಅಗೆದ ಥಿಯೊಡೋರ್ ಬೆಂಟನೂ ಹೊರಗಿನಿಂದ ಬಂದ ಪ್ರಾಚೀನ ಜನಾಂಗವೊಂದರ ಕೈವಾಡವೆಂದೇ ಬರೆದನು. 1902ರಿಂದ 1904ರವರೆಗೆ ಅಲ್ಲಿ ಅಧಿಕಾರಿಯಾಗಿದ್ದ ರಿಚರ್ಡ್ ಹಾಲ್ ಎಂಬವನು, ಆಫ್ರಿಕನ್ನರ ವಾಸದ ಕುರುಹುಗಳಿದ್ದ ಮಣ್ಣಿನ ಪದರಗಳನ್ನು ಕಸವೆಂದು ಭಾವಿಸಿ ಅಡಿಗಟ್ಟಲೆ ತೆಗೆದುಹಾಕಿಸಿದನು.

ಸತ್ಯವು ಹೊರಬಂದುದು ಗೋಡೆಯ ಬುಡದಿಂದಲೇ. 1905ರಲ್ಲಿ ಡೇವಿಡ್ ರಾಂಡಲ್-ಮ್ಯಾಕೈವರ್ ಅಗೆದು ಪರೀಕ್ಷಿಸಿ, ಇದು ಆಫ್ರಿಕನ್ನರದೇ ಕೃತಿ, ಮಧ್ಯಯುಗಕ್ಕೆ ಸೇರಿದ್ದು ಎಂದು ತೀರ್ಮಾನಿಸಿದನು. 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಮ್ಸನ್ ಎಂಬ ವಿದುಷಿ ಶಂಕುಗೋಪುರದ ಅಡಿಯಲ್ಲಿಯೇ ಸುರಂಗ ತೋಡಿಸಿ, ಕಟ್ಟುವುದಕ್ಕೆ ಮೊದಲೇ ಅಲ್ಲಿದ್ದ ಮಣ್ಣನ್ನು ಶೋಧಿಸಿ, ಅದೇ ತೀರ್ಮಾನವನ್ನು ದೃಢಪಡಿಸಿದರು. ಚೀನದ ಪಿಂಗಾಣಿ, ಭಾರತದ ಕಡೆಯಿಂದ ಹೋದ ಗಾಜಿನ ಮಣಿ ಮೊದಲಾದುವು ಅಲ್ಲಿ ಸಿಕ್ಕಿದ್ದುಂಟು. ಆದರೆ ಅವು ವ್ಯಾಪಾರದ ಸಾಕ್ಷಿಗಳೇ ಹೊರತು ಕಟ್ಟಿದವರ ಸಾಕ್ಷಿಗಳಲ್ಲ. ಆದಾಗ್ಯೂ 1965ರ ಬಳಿಕ ರೊಡೇಸಿಯದ ಬಿಳಿಯ ಸರ್ಕಾರವು ಕಟ್ಟಿದವರು ಯಾರೆಂಬುದು ಇನ್ನೂ ನಿಶ್ಚಯವಾಗಿಲ್ಲವೆಂದು ತೋರಿಸುವಂತೆ ಒತ್ತಡ ತಂದಿತು. 1980ರಲ್ಲಿ ಆ ದೇಶ ಸ್ವತಂತ್ರವಾದಾಗ ಈ ಕಲ್ಲುಗೋಡೆಗಳ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ‘ಗೋಡೆ ನಿಂತಿದೆಯಷ್ಟೆ, ಅದು ಯಾರದೆಂದು ಹೇಳಿದರೇನು, ಸತ್ತವರಿಗೆ ನಷ್ಟವೇನು?’ ಎಂದು ಕೆಲವರು ಕೇಳಬಹುದು. ಸತ್ತವರಿಗೆ ನಷ್ಟವಿಲ್ಲವೆಂದೇ ಒಪ್ಪೋಣ. ಆದರೆ ಆ ಸುಳ್ಳನ್ನು ಹೇಳಿದ್ದು ಸತ್ತವರಿಗಲ್ಲ, ಬದುಕಿದ್ದವರಿಗೆ. ‘ಇದನ್ನು ಕಟ್ಟುವ ಶಕ್ತಿ ನಿಮ್ಮ ಹಿರಿಯರಿಗೆ ಇರಲಿಲ್ಲ’ ಎಂದು ಮೊಮ್ಮಕ್ಕಳಿಗೆ ಹೇಳಿದರೆ, ‘ಆದುದರಿಂದ ಈ ನೆಲವನ್ನು ಆಳುವ ಯೋಗ್ಯತೆ ನಿಮಗೂ ಇಲ್ಲ’ ಎಂಬ ಮಾತು ತಾನಾಗಿ ಹಿಂಬಾಲಿಸುತ್ತದೆ. ಕಟ್ಟಿದವರ ಹೆಸರನ್ನು ಕಸಿಯುವುದೂ ನೆಲವನ್ನು ಕಸಿಯುವುದೂ ಅಲ್ಲಿ ಜೊತೆಜೊತೆಯಾಗಿ ನಡೆದುವು.

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು. ‘ಫಲವನ್ನು ಬಯಸದೆ ಕರ್ಮ ಮಾಡು ಎಂಬುದು ನಮ್ಮ ಧರ್ಮವಲ್ಲವೆ? ಹೆಸರೂ ಒಂದು ಫಲವೇ ಅಲ್ಲವೆ?’ ನಿಜ. ಕಾಣದ ಒಳತುಂಬನ್ನು ಗಟ್ಟಿಯಾಗಿ ತುಂಬಿದವನು ಆ ಧರ್ಮವನ್ನು ಆಚರಿಸಿ ತೋರಿಸಿದ್ದಾನೆ. ಆದರೆ ಆ ಉಪದೇಶ ಯಾರಿಗೆ? ಮಾಡುವವನಿಗೆ. ಪಡೆಯುವವನಿಗೆ ಅಲ್ಲ. ನೀನು ಫಲವನ್ನು ಬಿಡು ಎಂದರೆ, ಇನ್ನೊಬ್ಬನ ಫಲವನ್ನು ನೀನು ತೆಗೆದುಕೊ ಎಂದು ಅರ್ಥವಾಗದು. ತಾನಾಗಿ ಕೊಟ್ಟದ್ದು ದಾನ. ಕೇಳದೆ ಒಯ್ದದ್ದು ಕಳವು. ವಸ್ತು ಒಂದೇ ಆದರೂ, ಕೈಬದಲಾದ ಬಗೆಯಿಂದ ಒಂದು ಪುಣ್ಯವಾಯಿತು, ಒಂದು ಪಾಪವಾಯಿತು. ಹೆಸರಿನ ವಿಷಯದಲ್ಲಿಯೂ ಹೀಗೆಯೇ. ಹೆಸರನ್ನು ಬಿಡುವುದು ದುಡಿದವನ ಹಿರಿಮೆ, ಹೆಸರನ್ನು ಹೇಳುವುದು ಉಂಡವನ ಕರ್ತವ್ಯ. ಮೊದಲನೆಯದು ಇದೆಯೆಂದು ಎರಡನೆಯದು ತಪ್ಪುವುದಿಲ್ಲ. ನಿಸ್ಪೃಹತೆಯನ್ನು ತಾನು ಆಚರಿಸದೆ ಇತರರಿಗೆ ಮಾತ್ರ ವಿಧಿಸುವವನ ಬಾಯಲ್ಲಿ ಅದು ಧರ್ಮವಾಗಿ ಉಳಿಯದು.

ಮೂರನೆಯದಾಗಿ, ‘ಲಕ್ಷಗಟ್ಟಲೆ ಕಲ್ಲುಗಳನ್ನಿಟ್ಟ ಸಾವಿರಾರು ಜನರ ಹೆಸರುಗಳನ್ನು ಯಾರು ತಾನೆ ಉಳಿಸಲು ಸಾಧ್ಯ?’ ಎಂದು ಕೇಳಬಹುದು. ಯಾರಿಂದಲೂ ಸಾಧ್ಯವಿಲ್ಲ. ಅಸಾಧ್ಯವಾದುದನ್ನು ಧರ್ಮವು ಬೇಡುವುದೂ ಇಲ್ಲ. ಸಾಧ್ಯವಾದ ಮೂರನ್ನು ಮಾತ್ರ ಬೇಡುತ್ತದೆ. ಹೆಸರು ತಿಳಿಯದ ಕಡೆ ಇನ್ನೊಬ್ಬರ ಹೆಸರನ್ನು ಹಚ್ಚದಿರುವುದು ಒಂದು. ನಮಗೆ ಕಸವೆಂದು ತೋರಿದ ಕುರುಹುಗಳನ್ನು ಅವಸರದಿಂದ ಅಳಿಸದಿರುವುದು ಎರಡು. ಹಾಲ್ ಎಂಬವನು ತೆಗೆಸಿದ ಮಣ್ಣನ್ನು ಆಮೇಲೆ ಯಾವ ವಿದ್ವಾಂಸನೂ ಮರಳಿ ತುಂಬಲಾರದೆ ಹೋದನು. ಬದುಕಿರುವವರನ್ನು ಕೇಳಿ ತಿಳಿದು ಬರೆದಿಡುವುದು ಮೂರು.

ನಮ್ಮ ನಾಡಿನಲ್ಲಿ ಎರಡು ರೂಢಿಗಳೂ ಇದ್ದುವು. ಬೇಲೂರಿನ ಮದನಿಕೆಗಳನ್ನು ಕಡೆದವರಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಕಲ್ಲಿನಲ್ಲಿಯೇ ಇದೆ. ಹೊಯ್ಸಳರ ಅನೇಕ ದೇವಾಲಯಗಳಲ್ಲಿ ಮಲ್ಲಿತಮ್ಮನ ಹೆಸರಿದೆ. ಅವರು ಹೆಸರು ಕೊರೆದರೆಂದು ಅವರ ಶಿಲ್ಪದ ಬೆಲೆ ಕುಂದಲಿಲ್ಲ. ಆದರೆ ವಿಗ್ರಹ ಕಡೆದವನಿಗೆ ದೊರೆತ ಈ ಅವಕಾಶ ಗೋಡೆ ಕಟ್ಟಿದವನಿಗೆ ದೊರೆಯಲಿಲ್ಲ. ವಿಜಯನಗರದ ಕೋಟೆಗೋಡೆಗಳಲ್ಲಿ ಗಾರೆಯಿಲ್ಲದೆ ಬೆಸೆದ ಬೃಹತ್ ಕಲ್ಲುಗಳು ಇಂದಿಗೂ ನಿಂತಿವೆ. ಕಟ್ಟಿಸಿದವರ ವಂಶಾವಳಿಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಕಟ್ಟಿದವರ ವಿಷಯ ಒಂದು ವಾಕ್ಯವೂ ಇಲ್ಲ.

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲ್ಲುಕೆಲಸದವರ ಮಕ್ಕಳು ಓದುತ್ತಾರೆ. ತಂದೆಯ ಚಾಣ, ಸಮ್ಮಟಿಗೆಗಳನ್ನು ಮನೆಯಲ್ಲಿ ಕಂಡ ಹುಡುಗನು ಚರಿತ್ರೆಯ ಪಾಠದಲ್ಲಿ ಕೋಟೆಯನ್ನು ಕಾಣುತ್ತಾನೆ, ಅರಸನನ್ನು ಕಾಣುತ್ತಾನೆ. ತನ್ನವರನ್ನು ಮಾತ್ರ ಕಾಣುವುದಿಲ್ಲ. ಅವನಿಗೆ ಯಾರೂ ಬಾಯಿಬಿಟ್ಟು ‘ನಿನ್ನ ಹಿರಿಯರು ಏನನ್ನೂ ಮಾಡಲಿಲ್ಲ’ ಎಂದು ಹೇಳಿಲ್ಲ. ಹೇಳದೆಯೇ ಆ ಅರ್ಥ ಅವನಿಗೆ ತಲಪುತ್ತದೆ. ದೂರದ ಆಫ್ರಿಕಾದಲ್ಲಿ ಸರ್ಕಾರವು ಬಲದಿಂದ ಮಾಡಿದುದನ್ನು ಇಲ್ಲಿ ಒಂದು ಸಣ್ಣ ಪ್ರತ್ಯಯದ ಲೋಪವು ಸದ್ದಿಲ್ಲದೆ ಮಾಡಿಬಿಡುತ್ತದೆ.

ಪ್ರಾಥಮಿಕ ಶಾಲೆಯ ಶಿಕ್ಷಕರ ಕೆಲಸವೂ ಗೋಡೆಯ ಒಳತುಂಬಿನಂತಹುದೇ. ಅಕ್ಷರ ಕಲಿಸಿದವರನ್ನು ಯಾರೂ ವೇದಿಕೆಯ ಮೇಲೆ ಕರೆಯುವುದಿಲ್ಲ. ಅದಕ್ಕಾಗಿ ನಾವು ಗೊಣಗಬೇಕಾಗಿಲ್ಲ. ಚಕ್ಕೆಗಳನ್ನು ಗಟ್ಟಿಯಾಗಿ ತುಂಬಿದರೆ ನಮ್ಮ ಪಾಲಿನ ಧರ್ಮ ಸಂದಿತು. ಆದರೆ ನಮಗಿಂತ ಮೊದಲು ಇದೇ ಹಲಗೆಯ ಮುಂದೆ ನಿಂತು ಈ ಸೀಮೆಯಲ್ಲಿ ಕನ್ನಡವನ್ನು ಉಳಿಸಿದವರ ಹೆಸರುಗಳನ್ನು ಬರೆದಿಡುವುದು ನಮ್ಮ ಕರ್ತವ್ಯ. ತಮ್ಮ ಹೆಸರನ್ನು ಅವರು ತಾವೇ ಬರೆದುಕೊಂಡಿರಲಾರರು.

ಸಹೋದ್ಯೋಗಿಗಳಿಗೆ ನಮ್ಮದೊಂದು ಸೂಚನೆಯಿದೆ. ಐದನೆಯ ತರಗತಿಯ ಮಕ್ಕಳಿಗೆ ಒಂದು ವಾರದ ಕೆಲಸ ಕೊಡಿರಿ. ಊರಿನ ಬಾವಿಯ ಮೆಟ್ಟಿಲು, ಹೊಲದ ಕಲ್ಲಿನ ಒಡ್ಡು, ಶಾಲೆಯ ಪಾಗಾರ, ಇವುಗಳಲ್ಲಿ ಒಂದನ್ನು ಆರಿಸಿ ಅಳೆದು ಬರಲಿ. ಕಟ್ಟಿಸಿದವರಾರು, ಕಟ್ಟಿದವರಾರು, ಕಲ್ಲು ಎಲ್ಲಿಂದ ಬಂತು ಎಂದು ಹಿರಿಯರನ್ನು ಕೇಳಲಿ. ಅನಂತರ ಎರಡು ವಾಕ್ಯ ಬರೆಯಲಿ: ಒಂದರಲ್ಲಿ ‘ಕಟ್ಟಿಸಿದರು’, ಇನ್ನೊಂದರಲ್ಲಿ ‘ಕಟ್ಟಿದರು’. ಎರಡನೆಯ ವಾಕ್ಯಕ್ಕೆ ಕರ್ತೃಪದ ಸಿಗದಿದ್ದರೆ ಆ ಸ್ಥಳವನ್ನು ಖಾಲಿ ಬಿಡಲಿ. ಅರಸನ ಹೆಸರನ್ನು ತಂದು ತುಂಬದಿರಲಿ.