ಅವ್ವ ಕಂಡ ದರ್ಬಾರು

ಚಳ್ಳಕೆರೆ ಸೀಮೆಯ ನಮ್ಮೂರಿನಲ್ಲಿ ನಾನು ಹುಡುಗಿಯಾಗಿದ್ದಾಗ ಜಾತ್ರೆಯ ರಾತ್ರಿ 'ಕುರುಕ್ಷೇತ್ರ' ನಾಟಕ ಆಡುತ್ತಿದ್ದರು. ಪಾತ್ರಧಾರಿಗಳೆಲ್ಲ ಊರಿನವರೇ, ಸೀನರಿ ಮಾತ್ರ ಬಾಡಿಗೆಯದು. ರಸ್ತೆ ಸೀನು, ಕಾಡಿನ ಸೀನು, ದರ್ಬಾರ್ ಸೀನು. ಪಾರ್ಸಿ ನಾಟಕ ಮಂಡಳಿಗಳಿಂದ ನಮ್ಮ ಕಂಪನಿಗಳಿಗೆ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವುಗಳಿಗೆ, ಬಂದ ಚಿತ್ರದ ಪರದೆಗಳು ಕಡೆಗೆ ನಮ್ಮ ಹಳ್ಳಿಗಳನ್ನೂ ಮುಟ್ಟಿದ್ದವು.

ಮಧ್ಯದಲ್ಲಿ ಕುರ್ಚಿಗಳು, ಅಲ್ಲಿ ಊರಿನ ಹಿರಿಯರು, ಅವರ ಜೊತೆ ಅಪ್ಪ ಮತ್ತು ಅಣ್ಣ. ಹೆಂಗಸರಿಗೆ ಒಂದು ಪಕ್ಕದಲ್ಲಿ ಚಾಪೆ. ನಾನು ಅವ್ವನ ಮಗ್ಗುಲಲ್ಲಿದ್ದೆ. ಮರುದಿನ ಊಟಕ್ಕೆ ಕೂತಾಗ ಅಣ್ಣ, ದರ್ಬಾರು ಎಷ್ಟು ದೂರಕ್ಕೆ ಇತ್ತು ಎಂದು ಬಣ್ಣಿಸಿದ. ಅವ್ವ ಅಂದಳು: "ಅಯ್ಯೋ, ಆ ನೆಲ ಗುಡ್ಡದಂಗೆ ಮೇಲಕ್ಕೆ ಏರಿತ್ತಲ್ಲೋ, ರಾಜ ಜಾರಿ ಬೀಳಲ್ವಾ?" ಅಪ್ಪ ನಕ್ಕರು, ಅಣ್ಣ ನಕ್ಕ. ನಾನೂ ನಕ್ಕೆ.

ಎಷ್ಟೋ ವರ್ಷಗಳ ನಂತರ, ಮೊಳಕಾಲ್ಮೂರಿನ ಶಾಲೆಯಲ್ಲಿ ರೈಲು ಹಳಿಯ ಚಿತ್ರ ಬರೆಯಿಸುತ್ತಿದ್ದೆ. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು, ಎರಡು ಹಳಿಗಳು ದೂರದಲ್ಲಿ ಒಂದೇ ಚುಕ್ಕಿಗೆ ಸೇರುತ್ತವೆ. ಒಬ್ಬ ಹುಡುಗಿ ಎದ್ದು ನಿಂತು, "ಸೇರಿಬಿಟ್ರೆ ರೈಲು ಹೆಂಗೆ ಹೋಗುತ್ತೆ ಟೀಚರ್?" ಎಂದಳು. "ಸೇರಲ್ಲಮ್ಮ, ಇಲ್ಲಿ ನಿಂತು ನೋಡಿದರೆ ಹಾಗೆ ಕಾಣುತ್ತೆ" ಎಂದೆ. 'ಇಲ್ಲಿ' ಎಂಬ ನನ್ನದೇ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಪರ್ಸ್‌ಪೆಕ್ಟಿವ್ ಎಂಬ ವಿದ್ಯೆಯೇ ಅಷ್ಟು. ನೋಡುವವರು ಎಲ್ಲಿ ನಿಲ್ಲುತ್ತಾರೆಂದು ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿಂದ ಸರಿಕಾಣುವಂತೆ ಗೆರೆ ಎಳೆಯುವುದು. ನಮ್ಮೂರ ಪರದೆಯ ಚಿತ್ರಗಾರ ಗೆರೆ ಎಳೆದದ್ದು ಮಧ್ಯದ ಕುರ್ಚಿಗಳಿಗೆ. ಪಕ್ಕದಿಂದ, ಕೆಳಗೆ ಚಾಪೆಯಿಂದ ನೋಡಿದವರಿಗೆ ಅಗಲ ಕುಗ್ಗಿ, ನೆಲ ಏರುಹತ್ತಿದಂತೆ ಕಾಣುವುದು ಸಹಜ. ಅವ್ವ ಕಂಡದ್ದನ್ನೇ ಹೇಳಿದ್ದಳು.

ಹಾಗಾದರೆ ಚಿತ್ರಗಾರ ಸುಳ್ಳುಗಾರನೇ? ನನಗೆ ಹಾಗನ್ನಿಸುವುದಿಲ್ಲ. ಅದು ಬಟ್ಟೆಯೆಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಒಪ್ಪಿಕೊಂಡು ಸಂತೋಷಪಡುತ್ತೇವೆ. ಮೋಸದಲ್ಲಿ ಈ ಒಪ್ಪಿಗೆ ಇರುವುದಿಲ್ಲ. ರೋಮ್ ನಗರದ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಕಟ್ಟಬೇಕೆಂದಿದ್ದ ಗುಮ್ಮಟ ಕಟ್ಟಲಾಗಲಿಲ್ಲ. 1685ರಲ್ಲಿ ಆಂದ್ರೆಯಾ ಪೊಝೊ ಎಂಬ ಕಲಾವಿದ ಚಪ್ಪಟೆ ಬಟ್ಟೆಯ ಮೇಲೆಯೇ ಗುಮ್ಮಟ ಬರೆದು ಮೇಲೆ ಕೂರಿಸಿದ. ಅದು ನಿಜವೆಂದೇ ಕಾಣಬೇಕಾದರೆ ಎಲ್ಲಿ ನಿಲ್ಲಬೇಕೆಂಬುದಕ್ಕೆ ನೆಲದಲ್ಲಿ ಒಂದು ದುಂಡನೆಯ ಕಲ್ಲಿನ ಗುರುತಿದೆ. ಅಲ್ಲಿಂದ ಸರಿದರೆ ಗುಮ್ಮಟ ಸೊಟ್ಟಗಾಗುತ್ತದೆ. ಇದನ್ನು ಓದಿದಾಗ ನನಗೆ ಆ ಗುರುತಿನ ಮೇಲೇ ಗೌರವ ಬಂತು. 'ಇದು ಇಲ್ಲಿಂದ ಮಾತ್ರ ಸರಿ' ಎಂದು ಅದು ಒಪ್ಪಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಅಂಥ ಗುರುತು ಯಾರು ಹಾಕಿದ್ದಾರೆ? ಕುರ್ಚಿಯಿಂದ ಕಂಡದ್ದು ಸತ್ಯ, ಚಾಪೆಯಿಂದ ಕಂಡದ್ದು ತಿಳಿಗೇಡಿತನ. ಹಾಗೆಂದು ಅವ್ವನ ಕಣ್ಣೇ ಸರಿ, ಅಣ್ಣನದು ತಪ್ಪು ಎಂದೂ ನಾನು ಹೇಳಲಾರೆ. ಅವನು ಕಂಡ ಚೆಲುವು ಅವ್ವನಿಗೆ ಸಿಗಲಿಲ್ಲ. ಅದು ಅವಳಿಗಾದ ನಷ್ಟವೇ. ಆದರೆ ಅದು ಬಣ್ಣ ಬಳಿದ ಬಟ್ಟೆ ಎಂಬುದು ಅವಳ ಜಾಗದಿಂದ ಬೇಗ ತಿಳಿಯುತ್ತಿತ್ತು.

ನನ್ನನ್ನು ಕಾಡುವುದು ಅಪ್ಪನ ನಗೆಯಲ್ಲ, ಅಣ್ಣನದೂ ಅಲ್ಲ. ಅವರು ಕುರ್ಚಿಯಲ್ಲಿ ಕೂತಿದ್ದರು. ನಾನು ಅವ್ವನ ಮಗ್ಗುಲಲ್ಲೇ ಕೂತು, ಆ ಏರಿದ ನೆಲವನ್ನು ನನ್ನ ಕಣ್ಣಾರೆ ಕಂಡವಳು. ಆದರೂ ತಿಳಿದವರ ಸಾಲಿಗೆ ಸೇರುವ ಆಸೆಗೆ ನಕ್ಕೆ. ಆ ದಿನ ನಮ್ಮ ಮನೆಯಲ್ಲಿ ಸುಳ್ಳು ಎನ್ನುವುದೊಂದಿದ್ದರೆ ಅದು ನನ್ನ ನಗು.

ಅವ್ವ ಈಗಿಲ್ಲ. ತರಗತಿಯಲ್ಲಿ ಯಾವುದಾದರೂ ಹುಡುಗಿ "ನಂಗೆ ಹಂಗೆ ಕಾಣ್ತಿಲ್ಲ ಟೀಚರ್" ಎಂದರೆ, ಅವಳನ್ನು ತಿದ್ದುವ ಮೊದಲು ಅವಳ ಬೆಂಚಿಗೆ ಹೋಗಿ, ಪಕ್ಕದಲ್ಲಿ ಕೂತು, ಅಲ್ಲಿಂದ ಬೋರ್ಡು ನೋಡುತ್ತೇನೆ.